ಸುಧಾಕರಣ್ಣನ ಮುಚ್ಚದ ವಿಂಡೋ

ಯಾರೇ ಬಂದು ಹೋಗಲಿ, ಸುಧಾಕರಣ್ಣ ಮಹಡಿ ಮೆಟ್ಟಿಲ ತುದಿಯಲ್ಲಿ ನಿಂತುಬಿಡುತ್ತಿದ್ದರು. ಹೋದವರು ರಸ್ತೆಗಿಳಿದು ತಿರುವು ದಾಟಿ ಮರೆಯಾದ ಮೇಲೆಯೇ ಒಳಗೆ ಬರುವುದು. ಗಿರಾಕಿಗಷ್ಟೇ ಅಲ್ಲ, ಕೊರಿಯರಿನವನಿಗೂ ಅದೇ ಮರ್ಯಾದೆ. ಕುಂದಾಪುರದ ಆ ಹಳೆ ಕಟ್ಟಡದಲ್ಲಿ ಅವರ ಪಕ್ಕದ ಕೋಣೆಯಲ್ಲಿ ನಾನು ಬ್ಲೌಸ್ ಹೊಲಿಯುತ್ತಿದ್ದೆ. ಚಾ ತಣಿಯಿತು ಎಂದು ಕೂಗಿ ಕೂಗಿ ನನಗೇ ಬೇಜಾರು ಬರುತ್ತಿತ್ತು.

"ನೆಂಟ್ರ್ ತಿರ್ಗಾಸ್ ದಾಟು ಮುಂಚೆ ಬಾಗ್ಲ್ ಹಾಕುಕಾಗ ಜಲಜಾ. ಹೋದ್ರೆ ಸಾಕಿತ್ತ್ ಅಂದಾಂಗ್ ಆತ್ತ್" ಎನ್ನುತ್ತಿದ್ದರು. ಬಿಜೂರಿನ ಅವರ ಅಮ್ಮ ಕಲಿಸಿದ್ದಂತೆ. ನಮ್ಮ ಕಡೆ ಎಲ್ಲರ ಮನೆಯಲ್ಲೂ ಕಲಿಸುತ್ತಾರೆ, ಆದರೆ ಅವರಷ್ಟು ಹಚ್ಚಿಕೊಂಡವರನ್ನು ನಾನು ಕಾಣೆ.

ಅವರ ಕೆಲಸ ಅಂಗಡಿಗಳಿಗೆ ಸಣ್ಣಪುಟ್ಟ ಸಾಫ್ಟ್‌ವೇರ್ ಬರೆದುಕೊಡುವುದು. ಕಂಪ್ಯೂಟರಿನಲ್ಲಿ ಒಂದು ವಿಂಡೋ, ಅದರ ಹೊಟ್ಟೆಯೊಳಗೆ ಇಂಟರ್ನೆಟ್ಟಿನ ಒಂದು ಪುಟ. ಒಳಗಿನ ಪುಟ "ನನ್ನ ಕೆಲಸ ಮುಗಿಯಿತು, ಮುಚ್ಚು" ಎಂದಾಗ ಹೊರಗಿನ ವಿಂಡೋ ಏನು ಮಾಡಬೇಕು ಎಂಬುದನ್ನೂ ಬರೆದಿಡಬೇಕಂತೆ. ಬೇರೆಯವರು ಕೂಡಲೇ ಮುಚ್ಚಿಸುತ್ತಾರೆ. ಸುಧಾಕರಣ್ಣನಿಗೆ ಅದು ಮನಸ್ಸಿಗೆ ಬರಲಿಲ್ಲ. ಒಳಗಿನದು ಹೋದರೂ ಹೊರಗಿನದು ಸ್ವಲ್ಪ ಹೊತ್ತು ನಿಂತಿರಲಿ ಎಂದು ಬರೆದರು. ಹಾಗೆ ಬರೆದುಕೊಟ್ಟ ತ್ರಾಸಿಯ ಐಸ್ ಫ್ಯಾಕ್ಟರಿಯಲ್ಲಿ ಬಿಲ್ಲಿನ ಮೇಲೆ ಬಿಲ್ಲು ಮಾಡುತ್ತಿದ್ದಂತೆ ಖಾಲಿ ವಿಂಡೋಗಳು ಸಾಲಾಗಿ ನಿಂತವು. ಮಧ್ಯಾಹ್ನದೊಳಗೆ ಕಂಪ್ಯೂಟರ್ ಏದುಸಿರು ಬಿಡತೊಡಗಿತು.

ಫ್ಯಾಕ್ಟರಿಯ ಯಜಮಾನರು ಬೈಕು ಹತ್ತಿ ಬಂದೇಬಿಟ್ಟರು. "ಹ್ವಾಯ್ ಸುಧಾಕರಣ್ಣ, ಎಂತ ಮಾರಾಯ್ರೆ ಇದ್? ಮುಚ್ರೂ ಮುಚ್ಚುದಿಲ್ಲೆ!"

ಸುಧಾಕರಣ್ಣ ಮುಖ ಸಣ್ಣದು ಮಾಡಿಕೊಂಡು ಅಲ್ಲೇ ಕೂತು ಸರಿಮಾಡಿಕೊಟ್ಟರು. ಬೈಯಿಸಿಕೊಂಡ ಮೇಲೂ ಯಜಮಾನರನ್ನು ಮೆಟ್ಟಿಲ ತುದಿಯವರೆಗೆ ಕಳಿಸಿ, ನಿಂತು ನೋಡಿ ಬಂದರು. ನಾನು ಸೂಜಿ ಬಾಯಲ್ಲಿ ಹಿಡಿದು ನಕ್ಕೆ.

ನಗುವಂಥದ್ದಲ್ಲದ ಇನ್ನೊಂದು ವಿಂಡೋ ಅವರ ಮೇಜಿನ ಮೇಲಿತ್ತು. ಹೆಂಡತಿ ಬೇರೆಯಾಗಿ ಮುಂಬೈಯಲ್ಲಿದ್ದರು, ಮಗಳು ಸಾನ್ವಿಯೂ ಅಲ್ಲೇ. ಆ ಮಗು ಭಾನುವಾರ ಅಪ್ಪನ ಮುಖ ನೋಡಿ ಮಾತಾಡಲೆಂದೇ ಅವರು ಒಂದು ಸಾಫ್ಟ್‌ವೇರ್ ಮಾಡಿ ಕಳಿಸಿದ್ದರು. ಅವಳು ಮುಚ್ಚಲು ಹೋದರೆ "ಹೊರಟ್ಯಾ ಮಗಾ?" ಎಂಬ ಪ್ರಶ್ನೆ ಬರುತ್ತಿತ್ತು. ಕೆಳಗೆ ಎರಡು ಬಟನ್: "ಹ್ಞೂಂ", "ಇನ್ನೊಂಚೂರು". ಸಣ್ಣವಳಿದ್ದಾಗ ಅವಳು "ಇನ್ನೊಂಚೂರು" ಒತ್ತಿ ಒತ್ತಿ ಕಿಲಕಿಲ ನಗುವುದು ಗೋಡೆಯಾಚೆ ನನಗೂ ಕೇಳುತ್ತಿತ್ತು. ವಾರವಿಡೀ ಮಂಕಾಗಿರುತ್ತಿದ್ದ ಮನುಷ್ಯ ಆ ಸಂಜೆ ಶಿಳ್ಳೆ ಹೊಡೆಯುತ್ತಿದ್ದರು.

ಮಕ್ಕಳು ಬೆಳೆಯುತ್ತಾರೆ. ಒಂದು ಭಾನುವಾರ ಆಚೆಯಿಂದ ಸಿಡುಕಿನ ದನಿ ಬಂತು. "ಪಪ್ಪಾ, ನಂಗೆ ಕ್ಲಾಸ್ ಉಂಟು. ಪ್ರತಿಸಲ ಇದ್ಯಾಕೆ ಕೇಳ್ತದೆ? ಬಂದ್ ಮಾಡ್ಲಿಕ್ಕೇ ಬಿಡುದಿಲ್ಲ!" ಮುಂದಿನ ಭಾನುವಾರ ಅವಳು ಬರಲಿಲ್ಲ. ಅದರ ಮುಂದಿನದೂ ಹಾಗೇ ಹೋಯಿತು. ಸುಧಾಕರಣ್ಣ ಶರ್ಟು ಬದಲಿಸಿ, ತಲೆ ಬಾಚಿ, ಖಾಲಿ ಪರದೆಯ ಎದುರು ಕೂತಿರುತ್ತಿದ್ದರು. ಹಾಗೆ ಕೂತವರನ್ನು ನೋಡುವುದು ನನ್ನಿಂದ ಆಗುತ್ತಿರಲಿಲ್ಲ.

ಕೊನೆಗೊಮ್ಮೆ ನನ್ನ ಬಾಗಿಲಿಗೆ ಬಂದು, "ಆ ಪ್ರಶ್ನೆ ತೆಗ್ದೆ ಜಲಜಾ. ಒತ್ತಿದ್ ಕೂಡ್ಲೇ ಮುಚ್ಚತ್ತ್" ಎಂದರು. "ಹೋಪರನ್ನ ನಿಂತ್ ಕಾಂಬ್ದ್ ಬೇರೆ, ಕೈ ಹಿಡ್ದ್ ಎಳುದ್ ಬೇರೆ. ನಾನ್ ಎಳೀತಿದ್ದೆ." ಮುಂದೊಂದು ಭಾನುವಾರ ಸಾನ್ವಿ ಮತ್ತೆ ಪರದೆಗೆ ಬಂದಳು. ಎರಡು ಮಾತಾಡಿ, ಟಕ್ಕೆಂದು ಹೋದಳು.

ಆಮೇಲೆ ಕಟ್ಟಡ ಮಾರಾಟವಾಯಿತು. ನಾನು ಮಷೀನು ಎತ್ತಿಕೊಂಡು ಬಸ್ರೂರಿಗೆ ಬಂದೆ, ಅವರು ಬೈಂದೂರಿನಲ್ಲಿ ಕೋಣೆ ಹಿಡಿದರು.

ಕೊನೆಯ ಸಲ ಅವರನ್ನು ಕಂಡದ್ದು ತ್ರಾಸಿಯ ಬಸ್‌ಸ್ಟಾಪಿನಲ್ಲಿ, ಒಂದು ಭಾನುವಾರ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಮಾತಾಡುತ್ತಿದ್ದಂತೆ ಬೈಂದೂರಿನ ಬಸ್ಸು ಬಂತು, ಅದೇ ಹೊತ್ತಿಗೆ ಅವರ ಕಿಸೆಯ ಮೊಬೈಲು ಬಡಿದುಕೊಂಡಿತು. ಹೆಸರು ನೋಡಿದವರೇ ಬಸ್ಸನ್ನು ಬಿಟ್ಟರು.

"ಹ್ಞಾಂ ಮಗಾ, ಉಂಡ್ಯಾ? ಹುಷಾರಿದ್ಯಾ? ಆಯ್ತ್ ಆಯ್ತ್, ನಿಂಗ್ ಕೆಲ್ಸ ಇರತ್ತ್. ಹೋಗ್, ಹೋಗ್ ನೀನ್." ಅಷ್ಟೇ. ಮೊಬೈಲನ್ನು ಕಿಸೆಗೆ ಹಾಕಿಕೊಂಡರು.

ನನಗೆ ಸಿಟ್ಟೇ ಬಂತು. "ಎಂತ ಸುಧಾಕರಣ್ಣ ನೀವ್! ಅದಕ್ಕಾಯಿ ಬಸ್ಸ್ ಬಿಟ್ರಿ. ಇನ್ನೊಂಚೂರ್ ಮಾತಾಡ್ರೆ ಎಂತಾತಿತ್ತ್?"

ಅವರು ರಸ್ತೆಯನ್ನೇ ನೋಡುತ್ತ ಹೇಳಿದರು: "ಅವ್ಳ್ ಹೋತೆ ಅಂಬುಕ್ ಮುಂಚೆ ನಾನೇ ಹೋಗ್ ಅಂದ್ರೆ, ಮುಂದಿನ್ ವಾರವೂ ಫೋನ್ ಮಾಡ್ತ್ಳ್."