ಕುಶಲಕ್ಕ ಚೆಂಡಿಗೆ ದೀಪ ಇಟ್ಟದ್ದು

ನಂತೂರು ಸರ್ಕಲ್ಲಿನ ಹಿಂದಿನ ಓಣಿಯಲ್ಲಿ ಕುಶಲಕ್ಕನ ಮನೆ ಯಾವುದೆಂದು ಕೇಳಿದರೆ ಯಾರು ಬೇಕಾದರೂ ತೋರಿಸುತ್ತಾರೆ. ನಲವತ್ತೊಂದು ವರ್ಷ ಬೀಡಿ ಕಟ್ಟಿದ ಹೆಂಗಸು. ಓದು ಎರಡನೇ ಕ್ಲಾಸಿಗೆ ನಿಂತಿತು. ಸಹಿ ಹಾಕಲು ಬರುತ್ತದೆ, ಬಸ್ಸಿನ ಬೋರ್ಡನ್ನು ಅಕ್ಷರ ಅಕ್ಷರ ಕೂಡಿಸಿ ಓದುತ್ತಾಳೆ, ಅಷ್ಟರಲ್ಲಿ ಬಸ್ಸು ಹೋಗಿಯೂ ಇರುತ್ತದೆ. ಆದರೆ ಕೈಯ ಲೆಕ್ಕ ಬೇರೆ. ಕಟ್ಟಿದ ಬೀಡಿ ಒಪ್ಪಿಸುವ ಬ್ರಾಂಚಿನ ಚೆಕ್ಕರು ಉಳಿದವರ ಕಟ್ಟುಗಳನ್ನು ಬಿಚ್ಚಿ, ಹಿಸುಕಿ, ಸರಿ ಇಲ್ಲದ್ದನ್ನು ಕಣ್ಣೆದುರೇ ಮುರಿದು ಹಾಕುತ್ತಿದ್ದ. ಕುಶಲಕ್ಕನ ಕಟ್ಟನ್ನು ಮಾತ್ರ ಬಿಚ್ಚದೆ ಒಳಗೆ ಇಡುತ್ತಿದ್ದ.

ಗಂಡ ಚನಿಯಪ್ಪ ತೀರಿಕೊಂಡು ಉತ್ತರಕ್ರಿಯೆಯ ಬೊಜ್ಜ ಮುಗಿದ ಮರುದಿನವೇ ಅವಳು ಬೀಡಿ ಕಟ್ಟುವ ಗೆರಸೆಯನ್ನು ಮಡಿಲಿಗೆ ಎಳೆದುಕೊಂಡಿದ್ದಳು. ಕಲ್ಲು ಮನಸ್ಸು ಎಂದರು ಕೆಲವರು. ಕೈ ಸುಮ್ಮನಿದ್ದರೆ ಅವಳಿಗೆ ಉಸಿರು ಕಟ್ಟುತ್ತದೆ ಎಂಬುದು ಮಗ ದೀಕ್ಷಿತನಿಗೆ ಮಾತ್ರ ಗೊತ್ತಿತ್ತು.

ಹೋದ ವರ್ಷ ಎರಡೂ ಕಣ್ಣಿಗೆ ಪೊರೆ ಬಂದು, ಒಂದರ ಹಿಂದೆ ಒಂದು ಆಪರೇಷನ್ ಆಯಿತು. ಸೊಸೆ ಭವ್ಯಶ್ರೀ ಅತ್ತಾವರದ ಒಂದು ಆಸ್ಪತ್ರೆಯಲ್ಲಿ ನರ್ಸು. ಹೊತ್ತು ಹೊತ್ತಿಗೆ ಹನಿ ಹಾಕಿದಳು, ತಲೆಗೆ ನೀರು ಬೀಳದಂತೆ ನೋಡಿಕೊಂಡಳು, ಕೊನೆಗೆ ಗೆರಸೆ, ಕತ್ತರಿ, ನೂಲಿನ ಉಂಡೆ ಎಲ್ಲವನ್ನೂ ಅಟ್ಟಕ್ಕೆ ಹಾಕಿದಳು.

“ಇನ್ನು ಸೂಕ್ಷ್ಮದ ಕೆಲಸ ಇಲ್ಲ ಮಾಮಿ. ಟಿವಿ ನೋಡಿ, ಎಷ್ಟು ಬೇಕಾದ್ರೂ ನೋಡಿ.”

“ಟಿವಿ ನೋಡ್ಲಿಕ್ಕೆ ಕಣ್ಣು ಬೇಡ್ವಾ?” ಎಂದು ಕುಶಲಕ್ಕ ಕೇಳಿದಳು. ನಾಲ್ಕು ತಿಂಗಳು ಅವಳು ಬೆಳ್ಳುಳ್ಳಿ ಸುಲಿದಳು. ಮನೆಗೆ ಬೇಕಾದ್ದಕ್ಕಿಂತ ಹೆಚ್ಚು ಸುಲಿದಳು. ಅಕ್ಕಪಕ್ಕದ ಮನೆಗೂ ಹಂಚಿದಳು.

ಮಗ ದೀಕ್ಷಿತ ಪ್ಲೈವುಡ್ಡಿನ ಕೆಲಸದವನು. ಮನೆಯ ಹಿಂದೆ ಶೀಟಿನ ಶೆಡ್ಡು ಹಾಕಿಕೊಂಡು ಅಡುಗೆಮನೆಯ ಕಪಾಟು, ಟಿವಿಯ ಸ್ಟ್ಯಾಂಡು ಎಂದೆಲ್ಲ ಮಾಡಿಕೊಡುತ್ತಾನೆ. ಈ ಸಲ ಬೇಸಗೆಯಲ್ಲಿ ಅವನಿಗೆ ಹೊಸ ಬಗೆಯ ಕೆಲಸ ಬಂತು. ಎರಡು ಹೋಟೆಲಿನ ಯಜಮಾನ ಪೃಥ್ವಿರಾಜ್ ಶೆಟ್ಟರು ಅತ್ತಾವರದ ತಮ್ಮ ಫ್ಲಾಟಿಗೆ ಒಂದು ಗೇಮ್ ಪೆಟ್ಟಿಗೆ ಬೇಕೆಂದರು. ಆಳೆತ್ತರದ್ದು, ನಿಂತು ಆಡುವಂಥದ್ದು. ಕಾಲೇಜಿಗೆ ಹೋಗುವಾಗ ಅವರು ಕ್ಲಾಸು ತಪ್ಪಿಸಿ ಅಂಥದ್ದರ ಮುಂದೆ ನಿಲ್ಲುತ್ತಿದ್ದರಂತೆ. ಪೆಟ್ಟಿಗೆಯ ಹಲಗೆಯ ನಡುವೆ ಒಂದು ಚೆಂಡು ಅರ್ಧ ಹುಗಿದಂತೆ ಕೂತಿರುತ್ತದೆ. ಅಂಗೈಯಲ್ಲಿ ಅದನ್ನು ಹೊರಳಿಸಿದ ಕಡೆಗೆ ಪರದೆಯ ಮೇಲಿನ ಬಾಣ ಓಡುತ್ತದೆ. ಟ್ರ್ಯಾಕ್‌ಬಾಲ್ ಎನ್ನುತ್ತಾರೆ. ಶೆಟ್ಟರು ತರಿಸಿಕೊಟ್ಟ ಚೆಂಡು ಎಳೆ ತಾಳೆಯ ತಿರುಳಿನ ಹಾಗೆ, ಬೆಳ್ಳಗೆ, ಒಳಗಿನಿಂದ ಬೆಳಕು ಹಾಯುವಂಥದ್ದು. ಅದರ ಕೆಳಗೆ ಎಲ್‌ಇಡಿ ಇಟ್ಟು ಚೆಂಡು ನೀಲಿಯಾಗಿ ಹೊಳೆಯಬೇಕು ಎಂಬುದು ಅವರ ಆಸೆ.

ಪೆಟ್ಟಿಗೆ ಚಂದಕ್ಕೆ ಆಯಿತು. ದೀಪವೂ ಹೊತ್ತಿತು. ಆದರೆ ದೀಪ ಹೊತ್ತಿದ ಕೂಡಲೇ, ಚೆಂಡನ್ನು ಯಾರೂ ಮುಟ್ಟದಿದ್ದರೂ ಪರದೆಯ ಮೇಲಿನ ಬಾಣ ಅತ್ತಿತ್ತ ಕುಣಿಯತೊಡಗಿತು. ಮೂರು ದಿನ ದೀಕ್ಷಿತ ಬಿಚ್ಚಿದ, ಕಟ್ಟಿದ, ಬೈದ. ನಾಲ್ಕನೇ ದಿನ ಚಹಾ ತಂದ ಕುಶಲಕ್ಕ ಲೋಟ ಇಟ್ಟು ಹೋಗದೆ ಅಲ್ಲೇ ನಿಂತಳು.

“ಎಂತ ಮಾರಾಯ, ಇದಕ್ಕೆ ಮೈಮೇಲೆ ದರ್ಶನ ಬಂದದ್ದಾ?”

“ನೀವು ಒಳಗೆ ಹೋಗಿ ಅಮ್ಮ, ನನ್ನ ತಲೆ ಕೆಟ್ಟಿದೆ.”

“ತಲೆ ಆಮೇಲೆ ಸರಿ ಮಾಡುವ. ಚೆಂಡು ತಿರುಗಿದ್ದು ಅದಕ್ಕೆ ಹೇಗೆ ಗೊತ್ತಾಗ್ತದೆ, ಅದನ್ನು ಹೇಳು.”

ದೀಕ್ಷಿತ ತೋರಿಸಿದ. ಚೆಂಡಿನ ಕೆಳಗೆ ಎರಡು ಉರುಳೆ. ಉರುಳೆಯ ತುದಿಗೆ ಸಣ್ಣ ಹಲ್ಲಿನ ಚಕ್ರ. ಚಕ್ರದ ಪಕ್ಕ ಕಡಲೆ ಬೇಳೆಯಷ್ಟು ದೊಡ್ಡ ಒಂದು ಸೆನ್ಸಾರು. ಹಲ್ಲು ಹಾದು ಹೋದಾಗಲೆಲ್ಲ ಅದಕ್ಕೆ ಬೀಳುವ ಬೆಳಕಿಗೆ ತಡೆಯಾಗುತ್ತದೆ, ಅದು ಎಣಿಸಿಕೊಳ್ಳುತ್ತದೆ.

“ಅಂದ್ರೆ ಅದು ಕಣ್ಣು,” ಎಂದಳು ಕುಶಲಕ್ಕ. “ನಿನ್ನ ಲೈಟು ಆ ಕಣ್ಣಿಗೆ ಹೊಡೀತಾ ಉಂಟು. ಪಟ್ಟಿ ಬಿಚ್ಚಿದ ದಿನ ನನಗೂ ಹೀಗೇ ಆದದ್ದು. ಕಿಟಕಿ, ಬಾಗಿಲು, ನೀನು, ಎಲ್ಲಾ ಕುಣೀತಾ ಇದ್ರಿ.”

ಅವಳು ಬಗ್ಗಿ, ಉರಿಯುತ್ತಿದ್ದ ದೀಪಕ್ಕೂ ಆ ಸೆನ್ಸಾರಿಗೂ ನಡುವೆ ಕಿರುಬೆರಳು ಅಡ್ಡ ಹಿಡಿದಳು. ಬಾಣ ನಿಂತಿತು. ಬೆರಳು ತೆಗೆದಳು, ಕುಣಿಯಿತು. ದೀಕ್ಷಿತ ಬಾಯಿ ತೆರೆದು ನೋಡಿದ.

“ಕಪ್ಪು ಚಾರ್ಟ್ ಪೇಪರು ತಾ. ಇದನ್ನು ನಾನು ಮಾಡ್ತೇನೆ.”

ಅಷ್ಟು ಹೊತ್ತಿಗೆ ಡ್ಯೂಟಿಗೆ ಹೊರಟ ಭವ್ಯಶ್ರೀ ಬಾಗಿಲಲ್ಲಿ ನಿಂತಿದ್ದಳು. “ಮಾಮಿ, ಎಂತ ಮಾಡ್ಲಿಕ್ಕೆ ಹೊರಟದ್ದು ನೀವು?”

“ಬೆಳ್ಳುಳ್ಳಿ ಮುಗಿಯಿತು ಮಾರಾಯ್ತಿ.”

“ತಮಾಷೆ ಬೇಡ. ಆಪರೇಷನ್ ಆದ ಕಣ್ಣು ಅದು.”

“ಆಪರೇಷನ್ ಮಾಡ್ಸಿದ್ದು ನೋಡ್ಲಿಕ್ಕಾ, ಮುಚ್ಚಿ ಇಡ್ಲಿಕ್ಕಾ?”

ಭವ್ಯಶ್ರೀ ಗಂಡನ ಮುಖ ನೋಡಿದಳು. ಅವನು ಚಹಾ ಕುಡಿಯುವ ನೆವದಲ್ಲಿ ಲೋಟದೊಳಗೆ ಮುಖ ಹಾಕಿದ. “ಆಯ್ತು,” ಎಂದಳು ಸೊಸೆ. “ಇದೊಂದು ಸಲ. ಶೆಟ್ರ ಮನೆಯಲ್ಲಿ ಆ ಚೆಂಡು ಸರಿ ನಡೀಲಿಲ್ಲ ಅಂತಾದ್ರೆ, ಮತ್ತೆ ಈ ಶೆಡ್ಡಿಗೆ ಕಾಲು ಹಾಕ್ಲಿಕ್ಕಿಲ್ಲ ನೀವು.”

“ಒಪ್ಪಿದೆ. ಸರಿ ನಡೆದ್ರೆ?”

“ನಡೆದ್ರೆ ಮತ್ತೆ ನೋಡುವ.”

“ನೋಡುವ ಅಂದ್ರೆ ಆಗ್ಲಿಕ್ಕಿಲ್ಲ. ಸರಿ ನಡೆದ್ರೆ ದಿನಾ ಬಂದು ಇಲ್ಲಿ ಕೂತ್ಕೊಳ್ತೇನೆ. ಯಾರೂ ಎಂತದೂ ಹೇಳ್ಬಾರ್ದು.”

ಮಾತು ಹಾಗೆ ನಿಂತಿತು.

ಕುಶಲಕ್ಕ ಅಂದೇ ಕೂತಳು. ದೀಪದಿಂದ ಚೆಂಡಿನ ತಳದವರೆಗಿನ ದೂರಕ್ಕೆ ನೂಲು ಹಿಡಿದು ಗಂಟು ಹಾಕಿಕೊಂಡಳು. ಸ್ಕೇಲಿನ ಅಂಕೆಗಿಂತ ಅವಳಿಗೆ ಗಂಟಿನ ಮೇಲೆ ನಂಬಿಕೆ. ಕಪ್ಪು ಕಾಗದವನ್ನು ಬೀಡಿಯೆಲೆಯ ಆಕಾರಕ್ಕೆ, ಒಂದು ಬದಿ ಅಗಲ ಒಂದು ಬದಿ ಕಿರಿದಾಗಿ ಕತ್ತರಿಸಿ, ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಸುತ್ತಿದಳು. ಬೀಡಿಯದೇ ಆಕಾರ, ಗಾತ್ರ ಮಾತ್ರ ದೊಡ್ಡದು. ಕಿರಿದಾದ ಬಾಯಿ ಎಲ್‌ಇಡಿಯ ಮೇಲೆ, ಅಗಲದ ಬಾಯಿ ಚೆಂಡಿನ ಕಡೆ. ಬೆಳಕು ಮೇಲೆ ಹೋಗಬೇಕು, ಬದಿಗೆ ಒಂದು ಎಳೆಯೂ ಸೋರಬಾರದು.

ಮೊದಲನೆಯದು ಗಿಡ್ಡವಾಯಿತು, ಅಂಚಿನಿಂದ ಬೆಳಕು ಇಣುಕಿತು. ಎರಡನೆಯದು ಉದ್ದವಾಗಿ ಚೆಂಡಿಗೆ ತಾಗಿತು, ತಿರುಗಿಸಿದರೆ ಕರಕರ ಎಂದಿತು. ಎರಡನ್ನೂ ತಾನೇ ಮುರಿದು ಹಾಕಿದಳು. ಮೂರನೆಯದಕ್ಕೂ ಚೆಂಡಿಗೂ ನಡುವೆ ಒಂದು ಕುಚ್ಚಲಕ್ಕಿ ಕಾಳು ನುಸುಳುವಷ್ಟು ಜಾಗ ಉಳಿಯಿತು. ಎರಡು ಸುತ್ತು ನೂಲು ಹಾಕಿ ಕಟ್ಟಿದಳು. ಆದರೆ ಚೆಂಡಿನ ನಡುವೆ ಬೆಳಕು ಒಂದು ಚುಕ್ಕೆಯಾಗಿ ಕಣ್ಣಿಗೆ ಚುಚ್ಚುತ್ತಿತ್ತು. ಕೇಕಿನ ಅಡಿಗೆ ಹಾಕುವ ಬಟರ್ ಪೇಪರನ್ನು ಎರಡು ಮಡಿಕೆ ಮಾಡಿ ಅಗಲದ ಬಾಯಿಗೆ ಅಂಟಿಸಿದಳು. ಚುಕ್ಕೆ ಕರಗಿ ಇಡೀ ಚೆಂಡು ಒಂದೇ ಸಮನೆ ನೀಲಿಯಾಯಿತು. ಬಾಣ ಇಟ್ಟಲ್ಲೇ ಇತ್ತು.

“ಅಮ್ಮಾ!” ಎಂದ ದೀಕ್ಷಿತ.

ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಚೆಂಡು ಹೊರಳಿಸುವಾಗ ಒಳಗೆ ಎಲ್ಲೋ ಸಣ್ಣಗೆ ಗರಗರ ಎನ್ನುತ್ತಿತ್ತು. ಕುಶಲಕ್ಕನ ಮಟ್ಟಿಗೆ ತೆಂಗಿನೆಣ್ಣೆ ಬಿಟ್ಟರೆ ಸರಿಯಾಗದ ವಸ್ತು ಲೋಕದಲ್ಲಿಲ್ಲ. ಬಾಗಿಲ ತಿರುಗಣಿ, ಬಾವಿಯ ರಾಟೆ, ಕತ್ತರಿಯ ಕೀಲು, ತನ್ನ ಮೊಣಕಾಲು, ಎಲ್ಲಕ್ಕೂ ಅದೇ ಮದ್ದು. ಕೋಳಿಯ ಗರಿಯ ತುದಿಯನ್ನು ಎಣ್ಣೆಗೆ ಅದ್ದಿ ಉರುಳೆಗಳು ತಿರುಗುವ ಬೇರಿಂಗುಗಳಿಗೆ ಒಂದೊಂದೇ ಹನಿ ಬಿಟ್ಟಳು. ಉರುಳೆಗೆ ತಾಗದಂತೆ ನೋಡಿಕೊಂಡಳು. ಗರಗರ ನಿಂತಿತು. ಒಮ್ಮೆ ತಳ್ಳಿ ಕೈ ಬಿಟ್ಟರೆ ಚೆಂಡು ಹನ್ನೊಂದು ಸುತ್ತು ತಿರುಗಿ ನಿಲ್ಲುತ್ತಿತ್ತು. ಅವಳು ಎಣಿಸಿದ್ದಳು.

ಶನಿವಾರ ಮಧ್ಯಾಹ್ನದ ಮೊದಲು ಗೂಡ್ಸ್ ಟೆಂಪೊದಲ್ಲಿ ಪೆಟ್ಟಿಗೆ ಹೊರಟಿತು, ಅದನ್ನು ಹಿಡಿದುಕೊಂಡು ದೀಕ್ಷಿತ ಹಿಂದೆ ನಿಂತ. ಕುಶಲಕ್ಕ ಚೆಂಡಿನ ಭಾಗವನ್ನು ಬೇರೆ ಮಾಡಿಸಿ ಮಡಿಲಲ್ಲಿ ಇಟ್ಟುಕೊಂಡು ಡ್ರೈವರನ ಪಕ್ಕ ಕೂತಳು. ನಂತೂರಿನಲ್ಲಿ ಲಾರಿಗಳ ನಡುವೆ ಸಿಕ್ಕಿ, ಒಂದು ಹೊಂಡಕ್ಕೆ ಇಳಿದು ಹತ್ತಿದಾಗ ಅವಳ ತಲೆ ಟೆಂಪೊದ ಚಾವಣಿಗೆ ತಾಗಿತು, ಚೆಂಡಿಗೆ ಏನೂ ಆಗಲಿಲ್ಲ.

ಶೆಟ್ಟರ ಫ್ಲಾಟು ನಾಲ್ಕನೇ ಮಾಳಿಗೆಯಲ್ಲಿ. ಪೆಟ್ಟಿಗೆಯನ್ನು ಗೋಡೆಗೆ ನಿಲ್ಲಿಸಿ, ಚೆಂಡು ಕೂರಿಸಿ, ವೈರು ಸಿಕ್ಕಿಸಿದ್ದಾಯಿತು. ಹೊರಳಿಸಿ ನೋಡಿದರು, ಚೆನ್ನಾಗಿತ್ತು. “ಮೊದಲು ಊಟ, ಆಮೇಲೆ ಆಟ,” ಎಂದು ಶೆಟ್ಟರು ತಾಯಿ ಮಗನನ್ನು ಎಬ್ಬಿಸಿಕೊಂಡು ಹೋಗಿ ಊಟ ಬಡಿಸಿದರು. ಊಟ, ಮಾತು, ಮತ್ತೆ ಚಹಾ. ಒಂದೂವರೆ ಗಂಟೆ ಹೋಯಿತು. ಪಕ್ಕದಲ್ಲೇ ಡ್ಯೂಟಿ ಮುಗಿಸಿದ ಭವ್ಯಶ್ರೀಯೂ ಒಟ್ಟಿಗೇ ಮನೆಗೆ ಹೋಗೋಣವೆಂದು ಅಲ್ಲಿಗೇ ಬಂದಳು.

ಶೆಟ್ಟರು ಕಿಟಕಿಯ ಪರದೆ ಎಳೆದು ಕೋಣೆಯ ಲೈಟು ಆರಿಸಿದರು. ಕತ್ತಲಲ್ಲಿ ಚೆಂಡು ನೀಲಿಯಾಗಿ ಕೂತಿತ್ತು. “ಆಹಾ, ಕುಶಲಕ್ಕ!” ಎಂದು ಅಂಗೈಯನ್ನು ಅದರ ಮೇಲಿಟ್ಟು ಜೋರಾಗಿ ತಳ್ಳಿದರು.

ಚೆಂಡು ಅರ್ಧ ಸುತ್ತು ಹೋಗಿ ನಿಂತಿತು. ಇನ್ನೊಮ್ಮೆ ತಳ್ಳಿದರು. ಎಳೆದುಕೊಂಡು ಹೋದಂತೆ ಹೋಗಿ ನಿಂತಿತು.

“ಇದೆಂತ? ಅಂಟು ಹಾಕಿದ ಹಾಗುಂಟಲ್ಲ!”

ಭವ್ಯಶ್ರೀ ಅತ್ತೆಯನ್ನು ನೋಡಿದಳು. ಆ ನೋಟದಲ್ಲಿ ಗೆದ್ದ ಖುಷಿ ಇರಲಿಲ್ಲ, ಅದೇ ಕುಶಲಕ್ಕನಿಗೆ ಹೆಚ್ಚು ಕಷ್ಟವಾಯಿತು. ಶೆಡ್ಡಿನ ಬಾಗಿಲು ಮುಚ್ಚಿಕೊಳ್ಳುವುದು ಅವಳಿಗೆ ಅಲ್ಲಿಂದಲೇ ಕಂಡಿತು.

“ಶೆಟ್ರೇ, ನಂತೂರಲ್ಲಿ ಗಾಡಿ ಒಂದು ದೊಡ್ಡ ಹೊಂಡಕ್ಕೆ ಬಿತ್ತು,” ಎಂದು ದೀಕ್ಷಿತ ಶುರು ಮಾಡಿದ. “ಅದರಿಂದ ಒಳಗೆ ಏನೋ…”

“ಹೊಂಡದ ಮೇಲೆ ಯಾಕೆ ಹಾಕ್ತಿ? ಬಂದ ಕೂಡಲೇ ಸರಿ ಇತ್ತು ಅಲ್ವಾ?” ಎಂದಳು ಕುಶಲಕ್ಕ. ಅವಳಿಗೆ ಗಡಿಬಿಡಿ ಆಗಲಿಲ್ಲ. ಬೀಡಿ ಬಿಚ್ಚಿಕೊಂಡರೆ ಎಲೆ ನೋಡಬೇಕು, ನೂಲು ನೋಡಬೇಕು, ಕೈ ನೋಡಬೇಕು. ಎಲೆ ಅದೇ, ನೂಲು ಅದೇ ಆದರೆ ಹವೆ ನೋಡಬೇಕು. ಚೆಂಡಿನ ಮೇಲೆ ಅಂಗೈ ಇಟ್ಟಳು. ಕೊಡದ ನೀರಿನಷ್ಟು ತಣ್ಣಗಿತ್ತು.

“ಶೆಟ್ರೇ, ಈ ಎಸಿ ಯಾವಾಗ ಹಾಕಿದ್ದು?”

“ಬೆಳಿಗ್ಗೆಯಿಂದ ಉಂಟು ಕುಶಲಕ್ಕ. ಹದಿನೆಂಟರಲ್ಲಿ ಇಟ್ಟಿದ್ದೇನೆ. ಸೆಕೆ ಅಲ್ವಾ.”

“ಲೈಟು ಹಾಕಿ. ದೀಕ್ಷಿತಾ, ಬಿಚ್ಚು.”

ಬಿಚ್ಚಿದ. ಅವಳು ಬಗ್ಗಿ, ಬೇರಿಂಗಿನ ಅಂಚಿನಲ್ಲಿ ನೂಲಿನಷ್ಟು ಸಪುರದ ಬಿಳಿ ಗೆರೆಯೊಂದನ್ನು ಉಗುರಿನಿಂದ ಎತ್ತಿ ತೋರಿಸಿದಳು. ದೀಕ್ಷಿತನಿಗೆ ಮೊದಲು ಅದು ಕಾಣಲೇ ಇಲ್ಲ.

“ತೆಂಗಿನೆಣ್ಣೆ. ಗಟ್ಟಿಯಾಗಿದೆ,” ಎಂದಳು. “ನಮ್ಮ ಶೆಡ್ಡಿನ ಸೆಕೆಗೆ ನೀರಾಗಿತ್ತು. ಇಲ್ಲಿ ಬೆಣ್ಣೆಯಾಯ್ತು. ನಾನು ಹಾಕಿದ್ದು ಶೆಟ್ರೇ. ತಪ್ಪು ನನ್ನದು, ಮಗನದ್ದಲ್ಲ. ನಿಮ್ಮ ಮನೆಯಲ್ಲಿ ಸ್ಪಿರಿಟ್ ಉಂಟಾ? ಗಾಯಕ್ಕೆ ಹಚ್ಚುವಂಥದ್ದು?”

ಶೆಟ್ಟರ ಮನೆಯಲ್ಲಿ ಇರಲಿಲ್ಲ, ಭವ್ಯಶ್ರೀಯ ಚೀಲದಲ್ಲಿತ್ತು. ಅವಳು ತೆಗೆದು ಕೊಟ್ಟಳು. ಕೆಳಗೆ ರಸ್ತೆಯಾಚೆ ಟೈಲರ್ ಸುಲೈಮಾನನ ಅಂಗಡಿ. ಹೊಲಿಗೆ ಮೆಷಿನಿಗೆ ಬಿಡುವ ಎಣ್ಣೆಯ ಕುಪ್ಪಿ ಕೇಳಿ ತರಲು ದೀಕ್ಷಿತ ಓಡಿದ. ಕುಶಲಕ್ಕ ಬಟ್ಟೆಯ ಚೂರನ್ನು ಸ್ಪಿರಿಟ್ಟಿಗೆ ಅದ್ದಿ ಒಂದೊಂದೇ ಬೇರಿಂಗನ್ನು ಒರೆಸಿದಳು. ಬಟ್ಟೆ ಜಿಡ್ಡಿಲ್ಲದೆ ಬರುವವರೆಗೂ ಒರೆಸಿದಳು. ಶೆಟ್ಟರು ಎರಡು ಸಲ “ಸಾಕಲ್ವಾ?” ಎಂದರು, ಅವಳು ತಲೆ ಎತ್ತಲಿಲ್ಲ. ಎಣ್ಣೆ ಬಂತು. ಒಂದಕ್ಕೆ ಒಂದೇ ಹನಿ ಬಿಟ್ಟಳು.

ಚೆಂಡು ಮತ್ತೆ ಕೂತಿತು. ಆದರೂ ಶೆಟ್ಟರಿಗೆ ಮುಟ್ಟಲು ಬಿಡಲಿಲ್ಲ. “ಅರ್ಧ ಗಂಟೆ ತಣ್ಣಗಾಗ್ಲಿ. ಈಗ ಸರಿ ಇದ್ದದ್ದು ಲೆಕ್ಕಕ್ಕಿಲ್ಲ.”

ಅರ್ಧ ಗಂಟೆ ಎಲ್ಲರೂ ಗೇಮಿನ ಪೆಟ್ಟಿಗೆಯನ್ನು ಹೆರಿಗೆಯ ಕೋಣೆ ಕಾದಂತೆ ಕಾದರು. ಆಮೇಲೆ ಶೆಟ್ಟರು ತಳ್ಳಿದರು. ಚೆಂಡು ತಿರುಗಿತು, ತಿರುಗುತ್ತಲೇ ಇತ್ತು. ಕುಶಲಕ್ಕನ ತುಟಿ ಎಣಿಸುತ್ತಿತ್ತು. “ಹದಿನಾಲ್ಕು,” ಎಂದಳು. ಶೆಟ್ಟರಿಗೆ ಅದು ಕೇಳಿಸಲಿಲ್ಲ. ಐವತ್ತು ದಾಟಿದ ಮನುಷ್ಯ ಆಗಲೇ ಪರದೆಯ ಮುಂದೆ ಬಗ್ಗಿ, “ಬಾ ಮಗನೇ, ಬಾ!” ಎಂದು ಯಾರಿಗೋ ಸವಾಲು ಹಾಕುತ್ತಿದ್ದರು.

ಟೆಂಪೊ ಹತ್ತುವಾಗ ಕುಶಲಕ್ಕನೇ ಮಾತು ತೆಗೆದಳು. “ಶೆಟ್ರ ಮನೆಯಲ್ಲಿ ಸರಿ ನಡೀಲಿಲ್ಲ. ನೀನು ಹೇಳಿದ್ದು ಹಾಗೇ ಅಲ್ವಾ ಭವ್ಯಾ. ಹೇಳಿದ ಮಾತು ಮಾತೇ. ನಾಳೆಯಿಂದ ನಾನು ಶೆಡ್ಡಿಗೆ ಬರುವುದಿಲ್ಲ.”

“ಅಮ್ಮ, ಮತ್ತೆ ಸರಿ ಆಯ್ತಲ್ಲ!” ಎಂದ ದೀಕ್ಷಿತ.

“ನೀನು ಸುಮ್ಮನಿರು. ಚೆಕ್ಕರ್ ಅವಳು.”

ಭವ್ಯಶ್ರೀ ಚೀಲದ ಪಟ್ಟಿಯನ್ನು ಹೆಗಲಿಗೆ ಎಳೆದುಕೊಂಡಳು. “ನಾನು ಹೆದರಿದ್ದು ನಿಮ್ಮ ಕಣ್ಣಿಗೆ ಎಂತಾದ್ರೂ ಆಗ್ತದೆ ಅಂತ ಮಾಮಿ. ಆ ಬಿಳಿ ಗೆರೆ ನನಗೂ ಕಾಣ್ಲಿಲ್ಲ, ಇವರಿಗೂ ಕಾಣ್ಲಿಲ್ಲ. ನಿಮಗೆ ಕಂಡಿತು. ತಪ್ಪಾದದ್ದು ಎಣ್ಣೆಯದ್ದು, ಕಣ್ಣಿನದ್ದಲ್ಲ.”

“ಎಣ್ಣೆ ಬಿಟ್ಟ ಕೈ ಯಾರದ್ದು?”

“ಅಯ್ಯೋ, ಗೆಲ್ಲುವಾಗಲೂ ಜಗಳ ಮಾಡ್ತೀರಲ್ಲ! ಒಂದು ಸಲಕ್ಕೆ ಮುಕ್ಕಾಲು ಗಂಟೆ. ಆಮೇಲೆ ಕಣ್ಣು ಮುಚ್ಚಿ ಕೂತ್ಕೊಳ್ಬೇಕು.”

“ಒಂದು ಗಂಟೆ.”

“ಮುಕ್ಕಾಲು.”

“ಆಯ್ತು. ದಿನಕ್ಕೆ ಮೂರು ಸಲ.”

ಸೊಸೆ ನಕ್ಕುಬಿಟ್ಟಳು. ಒಪ್ಪಿದಂತಾಯಿತು.

ಶೆಟ್ಟರ ಗೆಳೆಯರೊಬ್ಬರು ಆಡಿ ಹೋದ ಮೇಲೆ ಇನ್ನೊಂದು ಪೆಟ್ಟಿಗೆಯ ಕೆಲಸ ಬಂತು. ಈ ಸಲದ ಚೆಂಡು ಕೆಂಪು. ಒಂದು ಬುಧವಾರ ಬೆಳಿಗ್ಗೆ ಭವ್ಯಶ್ರೀ ಮೊಸರು ತೆಗೆಯಲು ಫ್ರಿಜ್ಜಿನ ಬಾಗಿಲು ತೆರೆದವಳು ಹಾಗೇ ನಿಂತಳು. ಬಂಗುಡೆಯ ಡಬ್ಬಿಗೂ ಬಸಳೆಯ ಕಟ್ಟಿಗೂ ನಡುವೆ, ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿ ನೂಲು ಕಟ್ಟಿದ ಎರಡು ಉರುಳೆಗಳು ಬೇರಿಂಗುಗಳ ಸಮೇತ ಮಲಗಿದ್ದವು.

“ಮಾಮೀ! ಎಂತ ಇದು?”

“ಮುಟ್ಬೇಡ,” ಎಂದಳು ಹಿತ್ತಿಲ ಶೆಡ್ಡಿನಿಂದ ಕುಶಲಕ್ಕ. “ಹತ್ತು ಗಂಟೆಯವರೆಗೆ ಅಲ್ಲೇ ಇರ್ಬೇಕು. ಬಾಗಿಲು ಹಾಕು, ತಂಡಿ ಹೋಗ್ತದೆ.”