ವೀರಗಲ್ಲಿನ ಮುಂದಿನ ವಾದ

ಹರಪನಹಳ್ಳಿಯ ಹಳೆಯ ಕೋಟೆ ಓಣಿ ನೋಡಲು ಈ ಸಲ ನಾನೊಬ್ಬಳೇ ಹೋಗಿದ್ದೆ. ಆ ಓಣಿಯ ನೀಲಮ್ಮ ಎಂದಿನಂತೆ ತನ್ನ ಮನೆ ಮುಂದಿನ ವೀರಗಲ್ಲಿಗೆ ವಿಭೂತಿ ಹಚ್ಚುತ್ತಿದ್ದಳು. ಅದು ಮನೆದೇವರೆಂದು ಆಕೆ, ಯುದ್ಧದಲ್ಲಿ ಮಡಿದ ಸೈನಿಕನೆಂದು ನನ್ನ ಯಜಮಾನರು, ಪ್ರತಿ ವರ್ಷವೂ ವಾದಿಸುತ್ತಿದ್ದರು.

“ಮೇಷ್ಟ್ರು ಎಲ್ಲಿ, ಅಕ್ಕೋರೆ? ಸೋಲ್ತೀನಂತ ಹೆದರಿ ಮನಿಯಾಗ ಕುಂತಾರೇನು?”

ನಾನು ಕಲಿಸುವ ಶಾಲೆಯಲ್ಲಿ ಇನ್ನೂ ಬಾಯಿಬಿಟ್ಟು ಹೇಳಲಾಗದಿದ್ದ ಮಾತನ್ನು ಅಲ್ಲಿ ಸ್ಪಷ್ಟವಾಗಿ ಹೇಳಿದೆ. “ತೀರಿಕೊಂಡರು, ನೀಲಮ್ಮ.”

ಆಕೆ ಕಟ್ಟೆಯ ಮೇಲೆ ನನಗೆ ಜಾಗ ಮಾಡಿಕೊಟ್ಟಳು. “ಹಂಗಾದ್ರ ಅವರ ಕಡಿಯಿಂದ ನೀವು ಮಾತಾಡ್ರಿ. ವಾದ ಅರ್ಧಕ್ಕ ನಿಂತೈತಿ.”

ಕಲ್ಲಿನ ಮೇಲಿದ್ದ ಕತ್ತಿ, ಕುದುರೆ ತೋರಿಸಿ, ಪಾಠ ಮಾಡುವ ದನಿಯಲ್ಲೇ ವಾದಿಸಿದೆ.

“ಕತ್ತಿ, ಕುದುರಿ ಮೈಲಾರಲಿಂಗಗೂ ಅದಾವಲ್ರಿ. ಅವನೂ ಸೈನಿಕನೇನು?”

ನಾನು ಸೋತೆ. ಯಜಮಾನರೂ ಅಲ್ಲಿ ಒಮ್ಮೆಯೂ ಗೆದ್ದವರಲ್ಲ. ವಾಪಸು ನಮ್ಮೂರಿನ ಬಸ್ಸು ಹತ್ತಿದ ಮೇಲೆ, ನನ್ನೆದುರು ಮಾತ್ರ ಗೆಲ್ಲುತ್ತಿದ್ದರು.