ಬೂದು ಬಣ್ಣದ ಎರಡು ಕಾರ್ಡು

ಅವಳಿಗೆ ಪರದೆಯಕ್ಕ ಎಂಬ ಹೆಸರು ಬಂದದ್ದು ಕಸುಬಿನಿಂದ. ಆ ಬೀದಿಯ ಅರ್ಧದಷ್ಟು ಕಿಟಕಿಗಳಿಗೆ ಬಟ್ಟೆ ತೊಡಿಸಿದವಳು ಅವಳೇ. ಮನೆಯ ಮುಂದಿನ ಕೋಣೆಯಲ್ಲಿ ಎರಡು ಹೊಲಿಗೆ ಯಂತ್ರ, ಗೋಡೆಗೆ ಒರಗಿಸಿದ ಬಟ್ಟೆಯ ಸುರುಳಿಗಳು, ಕಾಲಿಟ್ಟಲ್ಲೆಲ್ಲ ನೂಲಿನ ತುಂಡು. ಲಿಫ್ಟ್ ರಿಪೇರಿ ಕೆಲಸದಿಂದ ನಿವೃತ್ತನಾದ ಗಂಡ ಮೂಲೆಯಲ್ಲಿ ಕೂತು ಪರದೆಗಳಿಗೆ ಉಂಗುರ ಪೋಣಿಸಿಕೊಡುತ್ತಿದ್ದ. ಅವನಿಗೆ ಮಾತು ಕಡಿಮೆ. ಇಬ್ಬರ ಪಾಲಿನದನ್ನೂ ಅವಳೇ ಆಡುತ್ತಿದ್ದಳು.

ಎರಡು ಬೀದಿ ಆಚೆಗೆ ಅವಳ ಅಕ್ಕನ ಮನೆ. ಚಿಕ್ಕಂದಿನಲ್ಲಿ ತಾಯಿ ತೀರಿಕೊಂಡಾಗ ಅಕ್ಕ ಶಾಲೆ ಬಿಟ್ಟು ಬಿಸ್ಕತ್ತಿನ ಕಾರ್ಖಾನೆಗೆ ಸೇರಿದ್ದಳು, ತಂಗಿ ಓದಲಿ ಎಂದು. ತಂಗಿ ಓದಿದ್ದೇನೂ ಹೆಚ್ಚಲ್ಲ. ಆದರೂ ಅಕ್ಕನ ಕಣ್ಣಿಗೆ ಅವಳೇ ಪಂಡಿತೆ. ಔಷಧದ ಚೀಟಿ ಬಂದರೂ, ಕರೆಂಟಿನ ಬಿಲ್ಲು ಬಂದರೂ, "ತಡಿ, ನನ್ನ ತಂಗಿ ನೋಡಲಿ" ಎನ್ನುತ್ತಿದ್ದಳು. ಹೀಗೆ ಹೊಗಳಿಸಿಕೊಂಡೇ ಬೆಳೆದವಳಿಗೆ 'ಗೊತ್ತಿಲ್ಲ' ಎನ್ನುವ ಮಾತು ಬಾಯಿಗೆ ಬರುತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಹೇಗೋ ತಿಳಿದುಕೊಂಡು ಬಂದು ಹೇಳುತ್ತಿದ್ದಳು, ಇಲ್ಲವೇ ಅಂದಾಜಿನ ಮೇಲೆ ಹೇಳಿಬಿಡುತ್ತಿದ್ದಳು. ಸಾಮಾನ್ಯವಾಗಿ ಅಂದಾಜು ಸರಿಯಾಗಿಯೇ ಇರುತ್ತಿತ್ತು.

ಒಂದು ಸಲ ಬ್ಯಾಂಕಿನವರು ತಮ್ಮ ಶಾಖೆಯ ಕಿಟಕಿಗಳಿಗೆ ಪರದೆ ಬೇಕೆಂದು ಕರೆಸಿದರು. ಅವಳು ಟೇಪು ಹಿಡಿದು ಅಳತೆ ತೆಗೆಯುತ್ತಿದ್ದಾಗ ನೂಲಿನ ಅಂಗಡಿಯವನ ಫೋನು ಬಂತು. ಅಲ್ಲೇ ಕಿಟಕಿಯ ಕಟ್ಟೆಗೆ ಒರಗಿ, ಫೋನಿನಲ್ಲೇ ಅವನ ಬಾಕಿ ಕಳಿಸಿದಳು. ಅದನ್ನು ನೋಡಿದ ಅಧಿಕಾರಿಯೊಬ್ಬ ಹತ್ತಿರ ಬಂದ.

"ನಮ್ಮ ಆ್ಯಪ್ ಚೆನ್ನಾಗಿ ಬಳಸ್ತೀರಲ್ಲಮ್ಮ! ನಮ್ಮ ಮುಖ್ಯ ಕಚೇರಿಯಲ್ಲಿ ಕಾರ್ಡಿನ ಪುಟವನ್ನು ಹೊಸದಾಗಿ ಮಾಡ್ತಿದಾರೆ. ನಿಮ್ಮಂಥವರು ನೋಡಿ ಅಭಿಪ್ರಾಯ ಹೇಳ್ಬೇಕಂತೆ. ಹೋಗಿ ಬರ್ತೀರಾ?"

"ನಾನೇನು ಹೇಳಲಿ ಸಾರ್, ಪರದೆ ಹೊಲಿಯೋಳು."

"ಅದೂ ಪರದೆನೇ ಅಲ್ವೇನಮ್ಮ, ಫೋನಿನ ಪರದೆ!" ಎಂದು ಅವನು ತನ್ನ ಮಾತಿಗೆ ತಾನೇ ನಕ್ಕ.

ಬ್ಯಾಂಕಿನವರೇ ಕಾರು ಕಳಿಸಿದರು. ಹೊರಡುವಾಗ ಬೀದಿಯವರು ನೋಡಲಿ ಎಂದು ಅವಳು ಬಾಗಿಲಲ್ಲಿ ಸ್ವಲ್ಪ ತಡಮಾಡಿಯೇ ಹತ್ತಿದಳು.

ಆ ಕೋಣೆಯಲ್ಲಿ ಮೆತ್ತನೆಯ ಕುರ್ಚಿ, ಮೇಜಿನ ಮೇಲೆ ಹಣ್ಣಿನ ರಸ, ಎದುರಿಗೆ ಕಾಲು ಚಾಚಿ ನಿಂತ ಕ್ಯಾಮೆರಾ. ಪ್ರಶ್ನೆ ಕೇಳಲು ಕೂತಿದ್ದ ಹುಡುಗಿ ಸಕ್ಕರೆಯಂಥ ಮಾತಿನವಳು. ಆ ಪುಟವನ್ನು ರಚಿಸಿದ ಗಡ್ಡದ ತರುಣ ಅವಳ ಹಿಂದೆ ಲ್ಯಾಪ್‌ಟಾಪ್ ಮಡಿಲಲ್ಲಿಟ್ಟುಕೊಂಡು ಕೂತಿದ್ದ.

ಹಳೆಯ ಪುಟದಲ್ಲಿ ಒಬ್ಬೊಬ್ಬರ ಕಾರ್ಡಿಗೂ ಒಂದೊಂದು ಬಣ್ಣವಿತ್ತು. ನೀಲಿ, ಕಂದು, ಹಸಿರು ಎಂದು ಸಾಲಾಗಿ ಕಾಣುತ್ತಿದ್ದವು. ಹೊಸದರಲ್ಲಿ ಎಲ್ಲ ಕಾರ್ಡಿಗೂ ಒಂದೇ ಬೂದು ಬಣ್ಣ. ಒಂದರ ಹಿಂದೆ ಒಂದು, ಅಂಚು ಮಾತ್ರ ಕಾಣುವಂತೆ ನಿಂತಿದ್ದವು. ಕೊನೆಯ ನಾಲ್ಕು ಅಂಕಿಗಳು ಮೂಲೆಯಲ್ಲಿ ಇರುವೆ ಸಾಲಿನಂತಿದ್ದವು. ಬೆರಳಿಟ್ಟು ಸರಿಸಿದರೆ ಹಿಂದಿನದು ಜಾರಿಕೊಂಡು ಮುಂದಕ್ಕೆ ಬರುತ್ತಿತ್ತು.

"ಹೇಗನಿಸ್ತಿದೆ ಅಮ್ಮ? ಮುಲಾಜಿಲ್ಲದೆ ಹೇಳಿ."

"ನೋಡೋಕೆ ಲಕ್ಷಣವಾಗಿದೆ" ಎಂದಳು ಪರದೆಯಕ್ಕ. ರಸ ಕುಡಿದ ಬಾಯಿಯಲ್ಲಿ ಮೊದಲ ಮಾತೇ ಕಹಿಯಾಗಬಾರದಲ್ಲ. ಆಮೇಲೆ ಇನ್ನೊಮ್ಮೆ ಸರಿಸಿ ನೋಡಿದಳು. "ಆದ್ರೆ ಮಗಳೇ, ಎಲ್ಲವೂ ಒಂದೇ ಬಣ್ಣ ಆದ್ರೆ ಯಾವುದು ಯಾರದ್ದು ಅಂತ ಹೇಗೆ ಗೊತ್ತಾಗ್ಬೇಕು? ಈ ಅಂಕಿ ನನಗೆ ಕಾಣ್ತಿಲ್ಲ. ನಾನೀಗ ಮುಂದೆ ತಂದಿರೋದು ಮೊದಲನೇದೋ ಎರಡನೇದೋ ಅಂತ ಕೇಳಿದ್ರೆ, ನಿಜ ಹೇಳ್ತೀನಿ, ಗೊತ್ತಿಲ್ಲ."

ಆ ಮಾತು ತನ್ನ ಬಾಯಿಂದ ಬಂದದ್ದಕ್ಕೆ ಅವಳಿಗೇ ಸೋಜಿಗವಾಯಿತು. ಹುಡುಗಿ ತಲೆದೂಗಿದಳು. ತರುಣ ಏನೋ ಟೈಪು ಮಾಡಿದ. ಹೊರಡುವಾಗ ಒಂದು ಛತ್ರಿ, ಒಂದು ನೀರಿನ ಬಾಟಲಿ ಕೊಟ್ಟು, "ಈ ವೀಡಿಯೊ ನಾವು ಬಳಸ್ಕೋಬಹುದಾ ಅಮ್ಮ?" ಎಂದು ಕೇಳಿದರು. "ಅದಕ್ಕೇನಂತೆ, ಬಳಸ್ಕೊಳ್ಳಿ" ಎಂದಳು.

ಕೆಲವು ವಾರಗಳ ಮೇಲೆ ಬಸ್ ನಿಲ್ದಾಣದಲ್ಲಿ, ಬ್ಯಾಂಕಿನ ಬಾಗಿಲಲ್ಲಿ, ಔಷಧದಂಗಡಿಯ ಪಕ್ಕದ ಗೋಡೆಯ ಮೇಲೆ ಅವಳ ಮುಖ ಬಂತು. ಆಳೆತ್ತರದ ಮುಖ. ಪಕ್ಕದಲ್ಲಿ ದಪ್ಪ ಅಕ್ಷರಗಳಲ್ಲಿ, 'ನೋಡೋಕೆ ಲಕ್ಷಣವಾಗಿದೆ!' ಅಷ್ಟೇ. 'ಆದ್ರೆ' ಎಂಬುದರಿಂದ ಆಚೆಗಿನದೆಲ್ಲವನ್ನೂ ಕತ್ತರಿಸಿ ಬಿಸಾಡಿದ್ದರು.

ಗಂಡ ನಿಲ್ದಾಣಕ್ಕೆ ಹೋಗಿ ನೋಡಿಬಂದ. "ನೀನು ಇಷ್ಟೇ ಹೇಳಿ ಸುಮ್ಮನಾಗಿದ್ದೆ ಅಂದ್ರೆ ನಾನಂತೂ ನಂಬಲ್ಲ" ಎಂದ.

ಅವಳು ಶಾಖೆಗೆ ಹೋಗಿ ಆ ಅಧಿಕಾರಿಯನ್ನು ಕೇಳಿದಳು. "ನೀವು ಹೇಳಿದ್ದು ತಾನೇ? ಒಂದಕ್ಷರ ನಾವು ಸೇರಿಸಿಲ್ಲವಲ್ಲಮ್ಮ" ಎಂದ ಅವನು. ಅದೂ ನಿಜವೇ. ಹಿಂದಿರುಗುವ ದಾರಿಯಲ್ಲಿ ಹೂಗುಚ್ಛ ಮಾರುವವಳು, "ಏನಕ್ಕಾ, ಸಿನಿಮಾದವರ ಥರ ಗೋಡೆ ಹತ್ತಿಬಿಟ್ರಿ!" ಎಂದಳು. ಸಿಟ್ಟು ಅಲ್ಲಿಗೆ ಅರ್ಧ ಇಳಿಯಿತು. ಮರುದಿನ ಅಕ್ಕ ಕೈಹಿಡಿದು ನಿಲ್ದಾಣಕ್ಕೆ ಎಳೆದುಕೊಂಡು ಹೋಗಿ, ಬಸ್ಸಿಗೆ ಕಾದಿದ್ದವರಿಗೆಲ್ಲ, "ಇವಳೇ, ನೋಡಿ, ಇವಳೇ ನನ್ನ ತಂಗಿ" ಎಂದು ತೋರಿಸಿದಾಗ ಉಳಿದರ್ಧವೂ ಇಳಿಯಿತು. ಅವಳು ಅಕ್ಕನಿಗೆ ಏನೂ ಹೇಳಲಿಲ್ಲ. ಅಷ್ಟು ಹಿಗ್ಗಿರುವ ಮುಖಕ್ಕೆ ತಣ್ಣೀರು ಎರಚುವುದೇಕೆ ಎನ್ನಿಸಿತು.

ಅಕ್ಕನ ಗಂಡ ರೇಡಿಯೊ ರಿಪೇರಿ ಮಾಡುತ್ತಿದ್ದವನು. ಜೀವನವೆಲ್ಲ ಕಿವಿಗೊಟ್ಟು ಬದುಕಿದವನಿಗೆ ಈಗ ಕಿವಿಯೇ ಕೈಕೊಟ್ಟಿತ್ತು. ಒಳ್ಳೆಯ ಶ್ರವಣಯಂತ್ರ ತರಿಸಬೇಕೆಂದು ಗಂಡ ಹೆಂಡತಿ ಇಬ್ಬರೂ ಅವನ ಖಾತೆಯಲ್ಲಿ ಹಣ ಕೂಡಿಹಾಕುತ್ತಿದ್ದರು. ಅವನು ಫೋನು ಮುಟ್ಟುವುದನ್ನು ಬಿಟ್ಟಿದ್ದರಿಂದ ಇಬ್ಬರ ಕಾರ್ಡೂ ಅಕ್ಕನ ಫೋನಿನಲ್ಲೇ ಇದ್ದವು. ಒಂದು ದಿನ ಭಾವ ಸಂತೆಗೆ ಹೋಗಿ ಬರುವಾಗ ಬಸ್ಸಿನಲ್ಲಿ ಜೇಬು ಹಗುರಾಯಿತು. ಪಾಕೀಟಿನ ಜೊತೆ ಕಾರ್ಡೂ ಹೋಯಿತು.

ಅಕ್ಕ ಏದುಸಿರು ಬಿಡುತ್ತ ಓಡಿಬಂದಳು. ಕೈಯಲ್ಲಿ ಫೋನು.

"ಬೇಗ ನಿಲ್ಸೇ, ನಿಮ್ಮ ಭಾವನ ಕಾರ್ಡು ಕಳ್ಳನ ಪಾಲಾಯ್ತು! ಪಕ್ಕದ ಮನೆ ಹುಡುಗಿ ಮಾಡಿಕೊಡ್ತೀನಿ ಅಂದ್ಲು. ಬೇಡ, ನನ್ನ ತಂಗೀನೇ ಮಾಡ್ತಾಳೆ, ಇದರ ವಿಷಯ ಅವಳಿಗಿಂತ ಯಾರಿಗೆ ಗೊತ್ತು ಅಂದು ಬಂದೆ."

ಪರದೆಯಕ್ಕ ಯಂತ್ರ ನಿಲ್ಲಿಸಿ ಫೋನು ಇಸಿದುಕೊಂಡಳು. ಹೊಸ ಪುಟ ತೆರೆಯಿತು. ಬೂದು ಬಣ್ಣದ ಎರಡು ಕಾರ್ಡು, ಒಂದರ ಬೆನ್ನಿಗೆ ಒಂದು. ಕನ್ನಡಕ ಏರಿಸಿ ನೋಡಿದಳು, ಇಳಿಸಿ ನೋಡಿದಳು. ಅಂಕಿಗಳು ಕಂಡವು, ಓದಲಾಗಲಿಲ್ಲ. ಬ್ಯಾಂಕಿನ ಸಹಾಯವಾಣಿಗೆ ಫೋನು ಮಾಡಬಹುದಿತ್ತು. ಪಕ್ಕದ ಮನೆಯ ಹುಡುಗಿಯನ್ನು ಕರೆಸಬಹುದಿತ್ತು. ಗಂಡನ ಕೈಗೆ ಕೊಟ್ಟು, "ಸ್ವಲ್ಪ ಓದಿ ಹೇಳಿ" ಎಂದಿದ್ದರೂ ಆಗುತ್ತಿತ್ತು. ಆದರೆ ಅಕ್ಕ ಹೆಗಲ ಮೇಲಿಂದ ಬಗ್ಗಿ, ದೇವರನ್ನು ನಂಬಿದವಳ ಹಾಗೆ ಅವಳ ಬೆರಳನ್ನೇ ನೋಡುತ್ತಿದ್ದಳು.

"ಯಾವುದೇ ಅದು?"

"ಇದೇ, ಮುಂದಿರೋದು" ಎಂದಳು ತಂಗಿ. ಗಂಡಸರದ್ದೇ ಮುಂದೆ ಇರುತ್ತದೆ ಎಂಬುದು ಅವಳ ಅಂದಾಜು. ಒತ್ತಿದಳು. ಖಚಿತವೇ ಎಂದು ಫೋನು ಕೇಳಿತು. ಹೌದು ಎಂದು ಇನ್ನೊಮ್ಮೆ ಒತ್ತಿದಳು. "ಆಯ್ತು, ಇನ್ನು ಕಳ್ಳ ಅದನ್ನ ನೆಕ್ಕಿಕೊಂಡು ಕೂತ್ಕೋಬೇಕು."

ಅಕ್ಕ ನಕ್ಕು, ಸೆರಗಿನಿಂದ ಮುಖ ಒರೆಸಿಕೊಂಡು, ನಿಶ್ಚಿಂತೆಯಿಂದ ಮನೆಗೆ ಹೋದಳು.

ನಿಂತದ್ದು ಅಕ್ಕನದೇ ಕಾರ್ಡು. ಅದು ತಿಳಿದದ್ದು ಆ ವಾರದ ಕೊನೆಯಲ್ಲಿ, ದಿನಸಿ ಅಂಗಡಿಯಲ್ಲಿ ಯಂತ್ರ ಅವಳ ಕಾರ್ಡನ್ನು ಬೇಡವೆಂದಾಗ. ಹಿಂದೆ ನಿಂತವರೆಲ್ಲ ನೋಡುತ್ತಿರುವಂತೆಯೇ ಬುಟ್ಟಿಯ ಸಾಮಾನನ್ನು ಒಂದೊಂದಾಗಿ ಹಿಂದಕ್ಕಿಟ್ಟು ಅವಳು ನೇರ ಬ್ಯಾಂಕಿಗೆ ಹೋದಳು. ಅಷ್ಟರಲ್ಲಿ ಕಳ್ಳ ಭಾವನ ಕಾರ್ಡನ್ನು ಪಿನ್ ಕೇಳದ ಸಣ್ಣ ಸಣ್ಣ ಮೊತ್ತಕ್ಕೆ ಅಂಗಡಿಯಿಂದ ಅಂಗಡಿಗೆ ಉಜ್ಜಿ, ಶ್ರವಣಯಂತ್ರದ ಹಣವನ್ನೆಲ್ಲ ಗುಡಿಸಿ ಗುಂಡಾಂತರ ಮಾಡಿದ್ದ.

"ಕಳೆದುಹೋದ ಕಾರ್ಡನ್ನು ನೀವು ನಿಲ್ಲಿಸಲೇ ಇಲ್ಲವಲ್ಲ. ನಿಲ್ಲಿಸಿದ್ದರೆ ಹಣ ನಮ್ಮ ಹೊಣೆಯಾಗುತ್ತಿತ್ತು" ಎಂದರು ಬ್ಯಾಂಕಿನವರು.

ಅಕ್ಕ ಜಗಳವಾಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು. ತಂಗಿಯ ಬಾಗಿಲಲ್ಲಿ ಚಪ್ಪಲಿಯನ್ನೂ ಬಿಡದೆ ನಿಂತು, "ನೀನು ನಿಲ್ಸಿದ್ದು ನನ್ನದನ್ನಂತೆ" ಎಂದಷ್ಟೇ ಹೇಳಿ ಹೊರಟುಹೋದಳು.

ಮರುದಿನ ಪರದೆಯಕ್ಕ ಕೈಲಿದ್ದಷ್ಟು ಹಣ ತೆಗೆದುಕೊಂಡು ಅಕ್ಕನ ಮನೆಗೆ ಹೋದಳು. ಭಾವ ಒಬ್ಬನೇ ಇದ್ದ, ಬಿಚ್ಚಿಟ್ಟ ಹಳೆಯ ರೇಡಿಯೊ ಎದುರು.

"ಭಾವಾ, ತಪ್ಪಾಯ್ತು. ನನ್ನಿಂದ ನಿಮ್ಮ ದುಡ್ಡು ಹೋಯ್ತು."

"ಏನು? ಪರದೆನಾ?" ಎಂದ ಅವನು ಕಿವಿಗೆ ಕೈಯಿಟ್ಟು. "ಬೇಡಮ್ಮ, ಇನ್ನೂ ಚೆನ್ನಾಗಿವೆ."

"ಪರದೆ ಅಲ್ಲ ಭಾವಾ! ತಪ್ಪಾಯ್ತು ಅಂದೆ!"

"ಒಗೆದಿದ್ದೂ ಆಯ್ತು, ಹೋದ ತಿಂಗಳೇ" ಎಂದು ನಕ್ಕ. ಅವಳು ಮೂರನೆಯ ಸಲ ಕೂಗಲು ಹೊರಟಳು. ಪಕ್ಕದ ಮನೆಯವರು ಕಿಟಕಿಗೆ ಬಂದದ್ದು ಕಂಡು ಬಾಯಿ ಮುಚ್ಚಿದಳು. ಹಿತ್ತಲಿನಿಂದ ಬಂದ ಅಕ್ಕ ಹಣವನ್ನು ನೋಡಿ, "ಅದನ್ನ ಒಳಗಿಡು, ನಿನಗೆ ಬಟ್ಟೆ ತರೋಕೆ ಬೇಕಾಗುತ್ತೆ" ಎಂದಳು. ದನಿಯಲ್ಲಿ ಕೋಪವಿರಲಿಲ್ಲ. ಗಿರಾಕಿಯೊಂದಿಗೆ ಮಾತಾಡುವಷ್ಟು ಸಭ್ಯವಾಗಿತ್ತು.

ಗೋಡೆಯ ಮೇಲಿನ ತನ್ನ ಮುಖದ ಎದುರು ಅವಳು ಆಮೇಲೆ ಬಸ್ಸಿಗೆ ಕಾಯುತ್ತಿರಲಿಲ್ಲ. ಹಿಂದಿನ ನಿಲ್ದಾಣದವರೆಗೆ ನಡೆದುಹೋಗಿ ಹತ್ತುತ್ತಿದ್ದಳು.

ವರ್ಷ ಕಳೆಯುವ ಹೊತ್ತಿಗೆ ಬ್ಯಾಂಕು ಪುಟವನ್ನು ಮತ್ತೆ ಬದಲಿಸಿತು. ಕಾರ್ಡುಗಳಿಗೆ ಬಣ್ಣ ಮರಳಿತು, ಅಂಕಿಗಳು ದಪ್ಪಗಾದವು, ಮೇಲೆ ಹೆಸರೂ ಬಂತು. 'ನಿಮ್ಮ ಮಾತಿಗೆ ಕಿವಿಗೊಟ್ಟಿದ್ದೇವೆ' ಎಂದು ಎಲ್ಲರ ಫೋನಿಗೂ ಸಂದೇಶ ಕಳಿಸಿದರು. ಪರದೆಯಕ್ಕ ಅದನ್ನು ಓದಿ, ಹೊಲಿಯುತ್ತಿದ್ದುದನ್ನು ಹಾಗೇ ಬಿಟ್ಟು ಅಕ್ಕನ ಮನೆಗೆ ಹೋದಳು. ಆ ಹೊತ್ತಿಗೆ ಅವರಿಬ್ಬರ ನಡುವೆ 'ಊಟ ಆಯ್ತಾ', 'ಆಯ್ತು' ಎನ್ನುವಷ್ಟು ಮಾತು ಉಳಿದಿತ್ತು.

"ನೋಡಕ್ಕಾ, ನಾನು ಅವತ್ತೇ ಹೇಳಿದ್ದೆ ಅವರಿಗೆ. ಒಂದೇ ಬಣ್ಣ ಬೇಡ, ಯಾವುದು ಯಾರದ್ದು ಗೊತ್ತಾಗಲ್ಲ ಅಂತ ಕ್ಯಾಮೆರಾ ಮುಂದೆನೇ ಹೇಳಿದ್ದೆ. ಅವರು ಅದನ್ನ ಕತ್ತರಿಸಿ ಹಾಕಿದ್ರು."

ಅಕ್ಕ ಸೊಪ್ಪು ಬಿಡಿಸುತ್ತಿದ್ದಳು. ಕೈ ನಿಂತಿತು.

"ಅವರಿಗೆ ಹೇಳಿದ್ದೆಯಾ?"

"ಹೂಂ, ಆಣೆ ಮಾಡಿ ಹೇಳ್ತೀನಿ."

"ಗೊತ್ತಾಗಲ್ಲ ಅಂತ ಅವರಿಗೆ ಹೇಳೋಕೆ ಬಂತು. ನಾನು ಪಕ್ಕದಲ್ಲೇ ನಿಂತಿದ್ನಲ್ಲೇ, ನನಗೆ ಯಾಕೆ ಹೇಳಲಿಲ್ಲ?"

ಅಕ್ಕ ಮತ್ತೆ ಸೊಪ್ಪಿಗೆ ಕೈಹಾಕಿದಳು. ಒಳಗಿನಿಂದ ಭಾವ, "ಯಾರೇ ಬಂದಿರೋದು?" ಎಂದು ಕೂಗಿದ. "ಯಾರೂ ಇಲ್ಲ, ನಮ್ಮವಳೇ" ಎಂದು ಅಕ್ಕ ಕೂಗಿ ಹೇಳಿದಳು. ಅವನಿಗೆ ಕೇಳಿಸಲಿಲ್ಲ, ಇನ್ನೊಮ್ಮೆ ಕೇಳಿದ.

ಆಗಲೇ ಅಕ್ಕನ ಫೋನು ಟಿಣ್ ಎಂದಿತು. ಏನೋ ಸಂದೇಶ. ಅವಳು ಅದನ್ನು ತೆಗೆದುಕೊಂಡು ಕಣ್ಣಿಗೆ ಹತ್ತಿರ ಹಿಡಿದಳು, ದೂರ ಹಿಡಿದಳು. ತಂಗಿ ಅಭ್ಯಾಸಬಲದಿಂದ ಕೈಚಾಚಿದಳು. ಅಕ್ಕ ಎದ್ದು, ಆ ಕೈಯ ಪಕ್ಕದಿಂದಲೇ ಹಾದು, ಬಾಗಿಲಿಗೆ ಹೋಗಿ ಪಕ್ಕದ ಮನೆಯ ಹುಡುಗಿಯನ್ನು ಕೂಗಿದಳು.

"ಸ್ವಲ್ಪ ಬಂದು ಹೋಗ್ತೀಯಾ ಮಗಳೇ? ಇದೇನು ಬಂದಿದೆ ನೋಡು."